ಇಸ್ತ್ರಿ ಅಂಗಡಿಯ ಕೊಕ್ಕರೆ

ಕನ್ನಡಕದ ಅಂಗಡಿ ಇಟ್ಟಿದ್ದ ನನ್ನ ಗೆಳೆಯ ಹೋದ ವಾರ ಆಸ್ಪತ್ರೆಯಲ್ಲಿ ತೀರಿಕೊಂಡ. ಸುದ್ದಿ ಫೋನಿನಲ್ಲಿ ಬಂತು; ಸೋಂಕಿನ ಭಯಕ್ಕೆ ಮುಖ ನೋಡಲು ಬಿಡಲಿಲ್ಲ. ಇಷ್ಟು ಬರೆಯುವುದಕ್ಕೂ ಕೈ ಏಳುತ್ತಿಲ್ಲ.

ಅವನು ಯಾರ ಮುಖವನ್ನೂ ಇಡಿಯಾಗಿ ನೋಡಿದವನಲ್ಲ. ಎದುರಿಗೆ ನಿಂತವರ ಕಣ್ಣುಗಳನ್ನು ಒಂದಾದ ಮೇಲೊಂದು ದಿಟ್ಟಿಸಿ, "ಎಡಗಣ್ಣು ಸ್ವಲ್ಪ ಸೋಮಾರಿ" ಎನ್ನುವುದೇ ಅವನ ನಮಸ್ಕಾರ. ಬೇಸಿಗೆಯಲ್ಲೂ ಬೂದು ಸ್ವೆಟರು. ಅದರ ಜೇಬುಗಳು ಗಾಜು ಒರೆಸುವ ಬಟ್ಟೆಗಳಿಂದ ಉಬ್ಬಿರುತ್ತಿದ್ದವು. ಎಲ್ಲಿ ಧೂಳು ಕಂಡರೂ ಒರೆಸಿಯೇ ಮುಂದೆ ಹೋಗುವ ಚಟ.

ಲಾಕ್‌ಡೌನಿನಲ್ಲಿ ಅಂಗಡಿ ಮುಚ್ಚಿ, ಬೆಳಗಿನ ಹೊತ್ತು ಬಡಾವಣೆಯೊಳಗಷ್ಟೇ ಅಡ್ಡಾಡಲು ಬಿಟ್ಟಾಗ, ಬದುಕಿಡೀ ತಲೆತಗ್ಗಿಸಿ ಓಡಾಡಿದ್ದ ಬೀದಿಗಳಲ್ಲಿ ಅವನು ತಲೆಯೆತ್ತಿದ. ದರ್ಜಿಯ ಬಾಗಿಲ ಮೇಲೆ ಹೊಲಿಗೆಯಂತ್ರದ ಹೆಂಗಸು, ಕ್ಷೌರದಂಗಡಿಯ ಗೋಡೆಯಲ್ಲಿ ಮೀಸೆಯವನು, ಇಸ್ತ್ರಿ ಅಂಗಡಿಯ ಪಕ್ಕದಲ್ಲಿ, ಮಳೆ ತಾಕದ ಸೂರಿನಡಿ, ಒಂಟಿಕಾಲಿನ ಕೊಕ್ಕರೆ: ಎಲ್ಲ ಹಳೆಯ ಗೋಡೆಚಿತ್ರಗಳು.

"ಮೂರೂ ಒಂದೇ ಕೈ ಕಣಯ್ಯ. ಬಲಗಡೆಗೆ ಹೋದ ಹಾಗೆಲ್ಲ ಗೆರೆ ಇಳಿಯುತ್ತೆ ನೋಡು. ಬರೆದವನಿಗೆ ಬಲಗಣ್ಣು ಮಂದ" ಎಂದು ಜೊತೆಗಿದ್ದ ನನಗೆ ತೋರಿಸಿದ.

ಅವನ ಹೆಂಡತಿ ಕಿಟಕಿಯಿಂದ ಕೂಗಿದಳು: "ಗೋಡೆಗಳಿಗೂ ಕನ್ನಡಕ ಹಾಕ್ಬಿಟ್ಟು ಬನ್ನಿ, ತಿಂಡಿ ಆರ್ತಿದೆ!"

ಕೊಕ್ಕರೆಯ ಕಾಲಬುಡದಲ್ಲಿ, ಧೂಳಿನಡಿ, ಚಿತ್ರಗಾರನ ರುಜು ಇತ್ತು. ಓದುವ ಆತುರಕ್ಕೆ ಬಟ್ಟೆ ಒದ್ದೆ ಮಾಡಿ ಒರೆಸಿದ. ಗಾಜಿಗೆ ಸಲ್ಲುವುದು ನೀರುಬಣ್ಣಕ್ಕೆ ಸಲ್ಲಲಿಲ್ಲ. ರುಜು ನೀಲಿಯಾಗಿ ಬಟ್ಟೆಗೆ ಬಂತು. ಆ ಬಟ್ಟೆಯನ್ನು ಮಡಿಚಿದ, ಬಿಚ್ಚಿದ, ಮತ್ತೆ ಮಡಿಚಿದ. ಆಮೇಲೆ ಚಿತ್ರಗಾರನ ಹೆಸರು ಯಾರನ್ನು ಕೇಳಿದರೂ "ಏಣಿ ಅಂತ ಕರೀತಿದ್ವಿ, ಉದ್ದ ಇದ್ದ" ಎಂಬುದಕ್ಕಿಂತ ಹೆಚ್ಚು ಸಿಗಲಿಲ್ಲ.

ಅಷ್ಟರಲ್ಲಿ ಇಸ್ತ್ರಿ ಅಜ್ಜ, ಹೇಗೂ ಬಿಡುವಿದೆಯೆಂದು, ಗೋಡೆಗೆ ಬಳಿಯಲು ಸುಣ್ಣ ಕಲಸಿದ. "ಬರೀ ಕೊಳೆ. ನಿಮ್ಮ ಗಂಟೇನು ಹೋಗುತ್ತೆ ಕನ್ನಡಕದೋರೇ?" ರುಜು ಅಳಿಸಿದವನು ಚಿತ್ರ ಉಳಿಸಿ ಎಂದು ಯಾವ ಬಾಯಲ್ಲಿ ಹೇಳಿಯಾನು?

ತಡವಾಗಿ ನೋಡಲು ಕಲಿತವರು ಹೀಗೇ ಇರಬೇಕು. ಅಕ್ಕರೆಯ ಅವಸರದಲ್ಲಿ ಒಂದಿಷ್ಟು ಕೆಡಿಸುತ್ತಾರೆ. ಉಳಿದದ್ದನ್ನು ಕಾಯಲು ಅವರಿಗೆ ವಾದ ಮಾಡಲು ಬರುವುದಿಲ್ಲ, ಗೊತ್ತಿರುವ ಒಂದು ಕೆಲಸವನ್ನಷ್ಟೇ ಮಾಡುತ್ತಾರೆ.

ಜ್ವರ ಬರುವ ಹಿಂದಿನ ದಿನ ಅವನು ಕಣ್ಣು ಪರೀಕ್ಷೆಯ ಚೌಕಟ್ಟನ್ನೂ ಗಾಜುಗಳ ಪೆಟ್ಟಿಗೆಯನ್ನೂ ಹೊತ್ತು ತಂದ. ಸುಣ್ಣದ ಬಕೆಟ್ಟು ಸರಿಸಿ, ಅಜ್ಜನನ್ನು ಗೋಡೆಗೆ ಎದುರಾಗಿ ಕೂರಿಸಿದ.

"ಈಗ?"

"ಎಲ್ಲ ಮಂಜು ಮಂಜು."

ಗಾಜು ಬದಲಿಸಿದ. "ಈಗ?"

"ಹಕ್ಕಿ ಥರ ಏನೋ."

ಇನ್ನೊಂದು ಹಾಕಿದ. ಅಜ್ಜ ಗೋಡೆಯ ಕಡೆಗೆ ಬಾಗಿ, "ಅಯ್ಯೋ, ಇದಕ್ಕೆ ಕಣ್ಣೂ ಇದೆಯಲ್ರೀ! ನನ್ನನ್ನೇ ನೋಡ್ತಿದೆ" ಎಂದ.

ಗೆಳೆಯ ಪೆಟ್ಟಿಗೆ ಮುಚ್ಚಿದ. ಚೌಕಟ್ಟನ್ನು ಅಜ್ಜನ ಮೂಗಿನ ಮೇಲೇ ಬಿಟ್ಟು, ಮನೆಯ ಕಡೆ ನಡೆದ.