ತಂಗಡಿ ಹೂವಿನ ಪಂಕ್ತಿ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮ ಲ್ಯಾಬಿನಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ನಂಜನಗೂಡಿನ ಹೊರಗಿರುವ ಸಂಶೋಧನಾ ಕೇಂದ್ರವೊಂದರಲ್ಲಿ ನಾಲ್ಕು ವರ್ಷ ತಂಗಡಿ ಹೂ ಒಣಗಿಸಿ, ಪುಡಿ ಮಾಡಿ, ಅದರ ಸತ್ವ ತೆಗೆದು ಇಲಿಗಳಿಗೆ ಕುಡಿಸಿದವಳು ನಾನು. ಒಂದು ಗುಂಪಿಗೆ ಸತ್ವ, ಇನ್ನೊಂದು ಗುಂಪಿಗೆ ಬರೀ ನೀರು. ಅದಕ್ಕೇಕೆ ಕೊಟ್ಟೆ, ನನಗೇಕೆ ಕೊಡಲಿಲ್ಲ ಎಂದು ಯಾವ ಇಲಿಯೂ ಪಂಚಾಯ್ತಿ ಸೇರಿಸಲಿಲ್ಲ. ಮನುಷ್ಯರಿಗೆ ಕೊಡುವ ಹಂತ ಬಂತು ನೋಡಿ, ನನ್ನ ಗ್ರಹಚಾರ ಅಲ್ಲಿಂದ ಶುರುವಾಯಿತು.

ಈ ಕೆಲಸಕ್ಕೆ ನಾನು ಬಿದ್ದದ್ದು ಹೆಸರಿನ ಮುಂದೆ ಡಾಕ್ಟರ್ ಎಂದು ಹಾಕಿಕೊಳ್ಳುವ ಆಸೆಗಲ್ಲ, ನನ್ನ ದೊಡ್ಡವ್ವ ಚಲುವಮ್ಮನಿಗಾಗಿ. ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವಳು ಅವಳೇ. ವರ್ಷಗಳಿಂದ ಇದ್ದ ಸಕ್ಕರೆ ಕಾಯಿಲೆ ವಿಪರೀತವಾಗಿ ಹೋದ ವರ್ಷ ಅವಳ ಎಡಗಾಲಿನ ಹೆಬ್ಬೆರಳು ತೆಗೆದರು. ಇನ್ನು ಏರಿದರೆ ಪಾದ ಉಳಿಯುವುದಿಲ್ಲ ಎಂದು ಡಾಕ್ಟರು ನನಗೆ ಹೇಳಿದಾಗ ಅವಳು ಪಕ್ಕದಲ್ಲೇ ಕೂತು ಬಾಳೆಹಣ್ಣು ಸುಲಿಯುತ್ತಿದ್ದಳು. ಅವಳ ಪಾದವನ್ನು ನಾನು ಹೇಗಾದರೂ ಉಳಿಸಬೇಕಾಗಿತ್ತು. ನನಗೆ ಬೇಕಾಗಿದ್ದದ್ದು ಅಷ್ಟೇ.

ಅವಳ ಊರು ತೊರೆಕೊಪ್ಪಲು. ತಿ. ನರಸೀಪುರದಿಂದ ಸೋಸಲೆ ಬಸ್ಸು ಹತ್ತಿ, ಇಳಿದು, ನಾಲೆ ಏರಿಯ ಮೇಲೆ ನಡೆಯಬೇಕು. ಮೇಲಿನ ಬೀದಿಯಲ್ಲಿ ಶಿವಪೂಜೆಯ ಮನೆಗಳು, ಕೆಳಗಿನ ಬೀದಿಯಲ್ಲಿ ಬುದ್ಧನ ಪಟ ಹಾಕಿದ ನಮ್ಮ ಮನೆಗಳು. ಜಗಳ ಇಲ್ಲ, ಗಲಾಟೆ ಇಲ್ಲ. ಮದುವೆಗೆ ಇವರನ್ನು ಅವರು ಕರೆಯುತ್ತಾರೆ, ಅವರನ್ನು ಇವರು ಕರೆಯುತ್ತಾರೆ. ಅವರ ಮನೆಗೆ ಹೋದರೆ ನಮಗೆ ಕೊನೇ ಪಂಕ್ತಿಯಲ್ಲಿ ಬಡಿಸುತ್ತಾರೆ. ನಮ್ಮ ಮನೆಗೆ ಅವರು ಬಂದರೆ ಮುಯ್ಯಿ ಓದಿಸಿ, ತಾವೇ ಮುಚ್ಚಳ ತೆಗೆದ ಬಾಟಲಿಯ ಸೋಡಾ ಕುಡಿದು, ಅರ್ಜೆಂಟ್ ಕೆಲಸವಿದೆ ಎಂದು ಎದ್ದು ಹೋಗುತ್ತಾರೆ. ಸಕ್ಕರೆ ಕಾಯಿಲೆ ಮಾತ್ರ ಎರಡೂ ಬೀದಿಗೆ ಸಮನಾಗಿ ಹಂಚಿಕೆಯಾಗಿತ್ತು. ಅದಕ್ಕೇ ನನ್ನ ಗೈಡು ಕೃಷ್ಣಕುಮಾರ್ ಸರ್‌ಗೆ ಆ ಊರು ಬಹಳ ಹಿಡಿಸಿತು.

ಏರ್ಪಾಡು ಸುಲಭವಾಗಿತ್ತು. ಸಕ್ಕರೆ ಕಾಯಿಲೆಯ ನಲವತ್ತು ಮಂದಿ, ಅವರು ಈಗಾಗಲೇ ನುಂಗುವ ಮಾತ್ರೆಯ ಜೊತೆಗೆ, ದಿನಕ್ಕೊಂದು ಕ್ಯಾಪ್ಸೂಲು ನುಂಗಬೇಕು. ಅರ್ಧ ಜನರ ಕ್ಯಾಪ್ಸೂಲಿನಲ್ಲಿ ತಂಗಡಿ ಹೂವಿನ ಸತ್ವ, ಉಳಿದರ್ಧ ಜನರದ್ದರಲ್ಲಿ ಜೋಳದ ಹಿಟ್ಟು. ಯಾರಿಗೆ ಯಾವುದು ಎಂಬುದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ಸರ್ ಬೀರುವಿನಲ್ಲಿ ಬೀಗ ಹಾಕಿಟ್ಟ ಕಾಗದಕ್ಕೆ ಮಾತ್ರ ಗೊತ್ತು. ಮೂರು ತಿಂಗಳ ಮೇಲೆ ರಕ್ತ ತೆಗೆದು, ಅದರಲ್ಲಿ ಸಕ್ಕರೆಯ ಗುರುತು ಎಷ್ಟಿದೆ ನೋಡಿ, ಎರಡು ಗುಂಪನ್ನು ಹೋಲಿಸುವುದು. ದೊಡ್ಡವ್ವನಿಗೆ ಹಿಟ್ಟಿನ ಗುಂಪು ಬಿದ್ದಿದ್ದರೆ ಏನು ಗತಿ ಎಂದು ಕೇಳಿದ್ದಕ್ಕೆ ಸರ್, "ಅದೇ ವಿಜ್ಞಾನ" ಎಂದರು.

ನಂಬರು ಹಾಕಿದ ಕ್ಯಾಪ್ಸೂಲಿನ ಡಬ್ಬಿ ಹಂಚಿ ಬಂದು ಹದಿನೈದು ದಿನಕ್ಕೆ ಮತ್ತೆ ಹೋಗುತ್ತೇನೆ, ಬೆಳಗ್ಗೆ ಏಳು ಗಂಟೆಗೆ ಊರಿನ ಜಗಲಿಕಟ್ಟೆಯ ಮುಂದೆ ಊಟದ ಎಲೆ ಹಾಕಿಕೊಂಡು ನಲವತ್ತು ಜನ ಸಾಲಾಗಿ ಕೂತಿದ್ದಾರೆ. ಮೇಲಿನ ಬೀದಿಯ ಹಿರಿಯರು ಶಂಭುಲಿಂಗಪ್ಪನವರು. ಅವರ ಒಂದು ಮಗ್ಗುಲಿಗೆ ಹೆಂಡತಿ ಮಲ್ಲಾಜಮ್ಮನವರು, ಇನ್ನೊಂದು ಮಗ್ಗುಲಿಗೆ ನಮ್ಮ ಬೀದಿಯ ಕೆಂಪಯ್ಯ. ಮಲ್ಲಾಜಮ್ಮನವರ ಆಚೆ ನಮ್ಮ ದೊಡ್ಡವ್ವ. ನನ್ನ ಜೀವಮಾನದಲ್ಲಿ ಆ ಊರಿನಲ್ಲಿ ಅಂಥ ಸಾಲು ನೋಡಿರಲಿಲ್ಲ.

"ಏನಿದು?" ಎಂದೆ.

"ನಿನ್ ಔಷ್ದಿ ಕಣವ್ವ ಇಂದ್ರಾಣಿ," ಎಂದ ಕೆಂಪಯ್ಯ. "ನನ್ ಗುಳಿಗೆ ಬುಚ್ಚಿ ನಾಲ್ಗೆ ಮೇಲೆ ಇಟ್ಕಂಡೆ, ಕಯ್ಯಿ ಇಸ. ನಮ್ಮನೇವ್ಳ್ದು ಬುಚ್ಚಿದ್ರೆ ಬರೀ ಇಟ್ಟು. ಗಂಡಂಗೆ ಔಷ್ದಿ, ಎಂಡ್ತಿಗೆ ಇಟ್ಟು. ಅವ್ಳು ಮೂರ್ ದಿನ ನನ್ ಜೊತೆ ಮಾತಾಡ್ನಿಲ್ಲ."

ಆಮೇಲೆ ಊರಿನವರೆಲ್ಲ ತಮ್ಮ ತಮ್ಮ ಕ್ಯಾಪ್ಸೂಲು ಬಿಚ್ಚಿ ನೆಕ್ಕಿ ನೋಡಿದ್ದಾರೆ. ಕಹಿ ಬಂದವರು ಮುಖ ಕಿವುಚಿಕೊಂಡು ಹೆಮ್ಮೆಪಟ್ಟರೆ, ಸಪ್ಪೆ ಬಂದವರು ಎದೆ ಬಡಿದುಕೊಂಡಿದ್ದಾರೆ. ವಿಷಯ ನ್ಯಾಯಕ್ಕೆ ಹೋಗಿದೆ. ನ್ಯಾಯ ಹೇಳಿದವರು ಶಂಭುಲಿಂಗಪ್ಪನವರು.

"ಒಂದೇ ಪಂಕ್ತಿಲಿ ಕೂರ್ಸಿ ಒಬ್ರಿಗೆ ಒಂದು ಬಡ್ಸದು, ಇನ್ನೊಬ್ರಿಗೆ ಇನ್ನೊಂದು ಬಡ್ಸದು. ಇದು ಪಂಕ್ತಿಬೇದ," ಎಂದರು ನನಗೆ. "ನಾವು ಮಠದ ದಾಸೋಹ ಕಂಡಿರೋರು. ಅದುಕ್ಕೇ ಎಲ್ಲಾ ಗುಳಿಗೆನೂ ಬುಚ್ಚಿ ಒಂದು ಡಬರಿಗೆ ಸುರಿದ್ವಿ. ಕಲ್ಸಿ ಆಳಿಗೊಂದು ಚಮ್ಚ. ಮನೆಮನೆಗೆ ಕೊಟ್ರೆ ಅಳತೆ ಮ್ಯಾಲೆ ಅನುಮಾನ ಬರ್ತದೆ. ಎಲ್ರ ಕಣ್ಮುಂದೆ, ಸಾಲಲ್ಲಿ. ಡಬ್ಬಿ ನಂಬರ್ ಪ್ರಕಾರ ಕೂತಿದ್ದೀವಿ."

ನನ್ನ ಮೈಯೆಲ್ಲ ಉರಿದುಹೋಯಿತು. ನಾಲ್ಕು ವರ್ಷದ ಕೆಲಸ ಒಂದು ಡಬರಿಯಲ್ಲಿ ಕಲಸಿಹೋಗಿತ್ತು. ಬಾಯಿಗೆ ಬಂದದ್ದೆಲ್ಲ ಬೈದೆ. ಎಲ್ಲರೂ ಶಾಂತವಾಗಿ ಕೇಳಿಸಿಕೊಂಡರು. ಅಷ್ಟರಲ್ಲಿ ಶಂಭುಲಿಂಗಪ್ಪನವರ ಮನೆಯಿಂದ ದೊಡ್ಡ ಪಾತ್ರೆ ಬಂತು. ಒಳಗೆ ಬೆಲ್ಲದ ಪಾಯಸ.

"ಶುಗರ್ ಪೇಷೆಂಟುಗಳಿಗೆ ಪಾಯಸವಾ?"

"ಕಯ್ಯಿ ಎಂಗೆ ಇಳೀಬೇಕು?" ಎಂದರು ಅವರು. "ಇದು ಊಟ ಅಲ್ಲ, ಅನುಪಾನ. ಔಷ್ದಿ ಜೊತೆ ಜೇನುತುಪ್ಪ ತಗೊಳ್ಳಲ್ವ, ಅಂಗೆ. ಔಷ್ದಿಗೂ ಅನುಪಾನಕ್ಕೂ ಮಡಿ ಮೈಲ್ಗೆ ಇಲ್ಲ. ಊಟ ಆಗಿದ್ರೆ ನಾವೆಲ್ಲ ಇಂಗೆ ಕೂರಕ್ಕಾಯ್ತಿತ್ತಾ?"

ಪಕ್ಕಕ್ಕೆ ಹೋಗಿ ಸರ್‌ಗೆ ಫೋನು ಮಾಡಿ ಎಲ್ಲ ಹೇಳಿದೆ. "ಒಬ್ಬರೂ ತಪ್ಪಿಸುತ್ತಿಲ್ಲವೇ?" ಎಂದರು. ಇಲ್ಲ ಸರ್ ಎಂದೆ. "ನಲವತ್ತಕ್ಕೆ ನಲವತ್ತು ಜನ ದಿನವೂ ಔಷಧ ತೆಗೆದುಕೊಳ್ಳುವ ಟ್ರಯಲ್ಲು ನನ್ನ ಸರ್ವೀಸಿನಲ್ಲೇ ನೋಡಿಲ್ಲ. ಮುಂದುವರಿಸಿ," ಎಂದು ಇಟ್ಟರು.

ನಿಲ್ಲಿಸಿ ಎಂದು ಕಿರುಚಲು ವಾಪಸು ಬಂದೆ. ದೊಡ್ಡವ್ವನ ಮುಖ ನೋಡಿ ಸುಮ್ಮನಾದೆ. ನಲವತ್ತು ವರ್ಷ ಮಲ್ಲಾಜಮ್ಮನವರ ಗದ್ದೆಯಲ್ಲಿ ನಾಟಿ ಹಾಕಿದವಳು, ಅವರ ಹಿತ್ತಿಲಿನಲ್ಲಿ ನಿಂತು ಅಂಗೈಗೆ ನೀರು ಹುಯ್ಯಿಸಿಕೊಂಡು ಕುಡಿದವಳು, ಈಗ ಅವರ ಮೊಣಕೈಗೆ ಮೊಣಕೈ ತಾಗಿಸಿ ಕೂತು ಪಾಯಸ ಬಳಿಯುತ್ತಿದ್ದಳು. ಮಲ್ಲಾಜಮ್ಮನವರು, "ಸೊಸೆ ಏಲಕ್ಕಿ ಜಾಸ್ತಿ ಆಕ್ಬುಟ್ಟವ್ಳೆ ಅಲ್ವ ಚಲುವಿ," ಎಂದು ಅವಳ ಅಭಿಪ್ರಾಯ ಕೇಳುತ್ತಿದ್ದರು.

ನಾನು ಹೊರಡುವಾಗ ದೊಡ್ಡವ್ವ ಬಸ್ಸಿನ ತನಕ ಕುಂಟುತ್ತಾ ಬಂದಳು. "ಪಾಯ್ಸ ಮನೆಗೊಂದು ವಾರ ಕಣವ್ವ, ಪಾಳಿ. ದಿನಾ ಯಜಮಾನ್ರ ಮನೇದೇ ಆದ್ರೆ ಅದೂ ಪಂಕ್ತಿಬೇದನೇ ಅಂದ ಕೆಂಪಯ್ಯ. ಅವ್ರು ಊಂ ಅನ್ನಲೇಬೇಕಾಯ್ತು. ಮೇಲಿನ ಬೀದಿ ಮುಗೀತಿದ್ದಂಗೆ ಕೆಳಗಿನ ಬೀದೀಲಿ ಮೊದಲನೇ ಮನೆ ನಮ್ದೇ."

"ನಿನ್ನ ಕಾಲು ದೊಡ್ಡವ್ವ," ಎಂದೆ.

"ಕಾಲಿರ್ಲಿ ಬುಡು. ನಾನು ಬಡ್ಸಿದ್ದ ಅವ್ರು ಉಣ್ಣದ ನೋಡ್ಬುಟ್ಟು ಆಮೇಲೆ ಕಾಲು ಬೇಕಾದ್ರೆ ಕುಯ್ಕಳ್ಳಿ."

ಹೀಗೆ ಮೂರು ತಿಂಗಳು. ಮೇಲಿನ ಬೀದಿಯ ಮನೆಗಳಲ್ಲಿ ಪಾಯಸದ ಪೈಪೋಟಿಯೇ ನಡೆಯಿತು. ಒಬ್ಬರು ಗೋಡಂಬಿ ಹಾಕಿದರೆ ಇನ್ನೊಬ್ಬರು ಗಸಗಸೆ. ಬನ್ನೂರಿನಿಂದ ಉಂಡೆ ಬೆಲ್ಲ ಬಂತು. ತಂಗಡಿ ಹೂವನ್ನು ಯಾರೂ ಕೇಳುವವರಿರಲಿಲ್ಲ, ಚಮಚದ ಪುಡಿ ಬಾಯಿಗೆ ಬಿದ್ದ ತಕ್ಷಣ ಕಣ್ಣು ಪಾತ್ರೆಯ ಕಡೆಗೆ. ದೊಡ್ಡವ್ವ ನರಸೀಪುರಕ್ಕೆ ಹೋಗಿ ಹೊಸ ಸ್ಟೀಲ್ ಪಾತ್ರೆ ತಂದಳು, ಹೊಸ ಸೌಟು ತಂದಳು. ಪಾಳಿಗೆ ಇನ್ನೂ ತಿಂಗಳಿರುವಾಗಲೇ ದಿನಾ ಅದನ್ನು ಉಜ್ಜುತ್ತಿದ್ದಳು.

ಅವಳ ಪಾಳಿಗೆ ಎರಡು ದಿನ ಇದೆ ಎನ್ನುವಾಗ ನಾನು ಎಲ್ಲರ ರಕ್ತ ತಂದೆ. ಮಾರನೆಯ ದಿನ ಮಧ್ಯಾಹ್ನ ಫಲಿತಾಂಶ ಬಂತು. ನಲವತ್ತು ಜನರಿಗೂ ಏರಿತ್ತು. ಎಲ್ಲರಿಗಿಂತ ಜಾಸ್ತಿ ಏರಿದ್ದು ದೊಡ್ಡವ್ವನಿಗೆ. ಸರ್ ಹಾಳೆ ನೋಡಿ ಕನ್ನಡಕ ಒರೆಸಿಕೊಂಡರು. "ಎರಡು ಗುಂಪೂ ಒಂದೇ ಸಮ ಏರಿದೆ. ಇಷ್ಟು ಅಚ್ಚುಕಟ್ಟಾದ ಅಂಕಿ ಅಪರೂಪ. ತಂಗಡಿ ಹೂ ಸಕ್ಕರೆ ಏರಿಸುತ್ತದೆ ಅಂತ ಬರೆಯೋಣವೇ?"

"ಪಾಯಸ ಏರಿಸುತ್ತದೆ ಸರ್."

"ಅದಕ್ಕೆ ಪಾಯಸ ತಿನ್ನದ ಕಂಟ್ರೋಲ್ ಗುಂಪು ಇಲ್ಲವಲ್ಲ," ಎಂದು ಕೈ ಚೆಲ್ಲಿದರು.

ಅವರ ಜೊತೆ ಮಾತಾಡಿ ಫಲವಿಲ್ಲವೆಂದು ಅದೇ ಹಾಳೆ ಹಿಡಿದು ನರಸೀಪುರದ ಬಸ್ಸು ಹತ್ತಿದೆ. ಸಂಜೆ ಕಟ್ಟೆಯ ಹತ್ತಿರ ಎಲ್ಲರನ್ನೂ ಸೇರಿಸಿ, ಪ್ರಯೋಗ ಇಲ್ಲಿಗೆ ಮುಗಿಯಿತು, ನಾಳೆಯಿಂದ ಬೆಲ್ಲ ಮುಟ್ಟಿದರೆ ನನ್ನಂಥ ಕೆಟ್ಟವಳು ಇನ್ನೊಬ್ಬಳಿಲ್ಲ ಎಂದೆ. ಜಗಳಕ್ಕೆ ಬರುತ್ತಾರೆ ಎಂದುಕೊಂಡಿದ್ದೆ. ಮೇಲಿನ ಬೀದಿಯವರು ಎಷ್ಟು ಬೇಗ ಒಪ್ಪಿದರು ಅಂತೀರಿ. ಮೂರು ತಿಂಗಳು ಸೌಟುಗಟ್ಟಲೆ ಸುರಿದುಕೊಂಡವರಿಗೆ ಆ ಕ್ಷಣದಲ್ಲಿ ಆರೋಗ್ಯದ ಮೇಲೆ ಭಾರೀ ಕಾಳಜಿ ಬಂತು. "ಡಾಕ್ಟ್ರಮ್ಮ ಏಳಿದ್ಮೇಲೆ ಮುಗೀತು," "ಕಾಯ್ಲೆ ಜೊತೆ ಆಟ ಆಡ್ಬಾರ್ದು," ಎಂದು ಒಬ್ಬರಿಗಿಂತ ಒಬ್ಬರು ಮುಂದೆ ಬಂದು ಹೇಳಿದರು. ಶಂಭುಲಿಂಗಪ್ಪನವರು, "ನಾಳೆ ಚಲುವಮ್ಮನ ಪಾಳಿ. ಅವಳಿಗೆ ಬ್ಯಾಸ್ರ ಆಗ್ಬಾರ್ದು. ಬಂದು ಕೂರ್ತೀವಿ. ಪಾಯ್ಸ ಮಾತ್ರ ಬ್ಯಾಡ," ಎಂದರು.

ಆಗ ನನಗೆ ಅರ್ಥವಾಯಿತು. ದೊಡ್ಡವ್ವನಿಗೆ ನನಗಿಂತ ಮೊದಲೇ ಅರ್ಥವಾಗಿತ್ತು. ಮನೆಗೆ ಬರುವ ದಾರಿಯಲ್ಲಿ ಒಂದೇ ಮಾತು ಆಡಿದಳು.

"ಒಂದು ದಿನ ತಡ್ಕಳಕ್ಕೆ ಆಗ್ನಿಲ್ವ ನಿಂಗೆ?"

ಪಾದ ಉಳಿಸಲು ಬಂದವಳು ನಾನು. ಹಾಳೆಯಲ್ಲಿ ಅವಳ ಅಂಕಿ ನೋಡಿ ಒಂದು ಗಂಟೆಯೂ ತಡೆಯಲು ಆಗಿರಲಿಲ್ಲ. ಅದನ್ನು ಹೇಳಹೋದರೆ ಅವಳು ಕೇಳಿಸಿಕೊಳ್ಳದೆ ಅಡಿಗೆಮನೆಗೆ ಹೋದಳು. ನನಗೆ ಅವಳ ಮೇಲೆ, ಊರಿನ ಮೇಲೆ, ನನ್ನ ಮೇಲೆ, ಎಲ್ಲದರ ಮೇಲೂ ಸಿಟ್ಟು ಬಂತು.

ಬೆಳಗ್ಗೆ ಎದ್ದರೆ ಮನೆ ತುಂಬ ಏಲಕ್ಕಿ ಪರಿಮಳ. ಹೊಸ ಪಾತ್ರೆಯಲ್ಲಿ ಪಾಯಸ ತುಂಬಿಸಿ ಮುಚ್ಚಿಟ್ಟಿದ್ದಳು. ಬೇಡ ದೊಡ್ಡವ್ವ, ಅವಮಾನ ಮಾಡುತ್ತಾರೆ ಎಂದೆ. ಒಂದು ಕಡೆ ಹಿಡಿದುಕೋ ಎಂದಳು. ಇಬ್ಬರೂ ಹೊತ್ತುಕೊಂಡು ಕಟ್ಟೆಗೆ ಹೋದೆವು.

ಮಾತಿಗೆ ತಪ್ಪದೆ ಉಳಿದ ಮೂವತ್ತೊಂಬತ್ತು ಜನ ಎಲೆ ಹಾಕಿಕೊಂಡು ಕೂತಿದ್ದರು. ಮೇಲಿನ ಬೀದಿಯವರ ಬಲಗೈ ಆಗಲೇ ಎಲೆಯ ಮೇಲೆ ಅಡ್ಡ ಇತ್ತು. ದೊಡ್ಡವ್ವ ಸೌಟು ಹಿಡಿದು ನೇರವಾಗಿ ಶಂಭುಲಿಂಗಪ್ಪನವರ ಎದುರಿಗೆ ಹೋಗಿ ನಿಂತಳು.

"ಗಮಗಮ ಅಂತದೆ ಚಲುವಮ್ಮ," ಎಂದರು ಅವರು ಬಹಳ ಪ್ರೀತಿಯಿಂದ. "ಏನ್ಮಾಡದು, ಬೆಲ್ಲ ಮುಟ್ಟಂಗಿಲ್ಲ. ನಿಮ್ ಇಂದ್ರಾಣಿನೇ ಏಳವ್ಳೆ."

"ಬೆಲ್ಲ ಆಕಿಲ್ಲ ಯಜಮಾನ್ರೆ."

ಅವರು ಒಮ್ಮೆ ನನ್ನ ಮುಖ ನೋಡಿದರು. ನನಗೂ ಗೊತ್ತಿರಲಿಲ್ಲ.

"ನಂಗೆ ಬೀಪಿ ಬೇರೆ. ಪಾಯ್ಸುಕ್ಕೂ ಒಂದು ಅಳ್ಳು ಉಪ್ಪು ಆಕಿರ್ತಾರೆ."

"ಉಪ್ಪೂ ಆಕಿಲ್ಲ."

"ತುಪ್ಪ, ಗೋಡಂಬಿ. ಕೊಲೆಸ್ಟ್ರಾಲು ಕಣಮ್ಮ."

"ತುಪ್ಪನೂ ಇಲ್ಲ, ಗೋಡಂಬಿನೂ ಇಲ್ಲ. ಒಂದು ತೊಟ್ಟು ಆಲೂ ಉಯ್ದಿಲ್ಲ."

"ಮತ್ತೆ ಅದ್ರೊಳಗೆ ಏನದೆ?"

"ಅಕ್ಕಿ ಅದೆ. ನೀರದೆ. ವಾಸ್ನೆಗೆ ಎರಡು ಏಲಕ್ಕಿ."

ಶಂಭುಲಿಂಗಪ್ಪನವರು ಕೊನೆಯ ಆಸರೆಗೆ ನನ್ನ ಕಡೆ ತಿರುಗಿದರು. "ಅಕ್ಕೀಲೂ ಶುಗರ್ರು ಇರ್ತದಲ್ವ ಮೇಡಮ್ಮು?"

"ಇರ್ತದೆ," ಎಂದೆ. "ನೀವು ಮನೇಲಿ ಮೂರು ಹೊತ್ತು ಉಣ್ಣೋ ಅಕ್ಕೀಲೂ ಅಷ್ಟೇ ಇರ್ತದೆ."

"ಬುಡವ್ವ," ಎಂದಳು ದೊಡ್ಡವ್ವ. "ಅವ್ರಿಗೆ ಆಗ್ದೆ ಇರದು ಅಕ್ಕಿ ಅಲ್ಲ, ನೀರು."

ಸಾಲಿನ ಆ ತುದಿಯಲ್ಲಿ ಮೂವರು ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದರು. ಆ ಹೊತ್ತಿಗೆ ಯಾವ ಬಸ್ಸೂ ಇಲ್ಲ. ದೊಡ್ಡವ್ವ ಅತ್ತ ತಿರುಗಿಯೂ ನೋಡದೆ ಶಂಭುಲಿಂಗಪ್ಪನವರ ಮುಂದೆಯೇ ನಿಂತಿದ್ದಳು. ಆ ಕಾಲಿನಲ್ಲಿ ಅಷ್ಟು ಹೊತ್ತು ನಿಲ್ಲಬಾರದು.

ಕೈ ಮೊದಲು ತೆಗೆದವರು ಮಲ್ಲಾಜಮ್ಮನವರು. "ನಂಗೆ ಆಕು ಚಲುವಿ," ಎಂದರು. ದೊಡ್ಡವ್ವ ಹಾಕಿದಳು. ಆಮೇಲೆ ಅವರು ಗಂಡನ ಮಣಿಕಟ್ಟು ಹಿಡಿದು, ಆ ಕೈಯನ್ನು ಎಲೆಯ ಮೇಲಿನಿಂದ ಎತ್ತಿ, ಅವರ ತೊಡೆಯ ಮೇಲಿಟ್ಟರು. "ನ್ಯಾಯ ಏಳಿದೋರು ನೀವೇ ಅಲ್ವ, ಉಣ್ಣಿ," ಎಂದರು.

ದೊಡ್ಡವ್ವ ಒಂದು ಸೌಟು ಹಾಕಿದಳು. ಶಂಭುಲಿಂಗಪ್ಪನವರು ಎಲೆಯನ್ನೇ ನೋಡುತ್ತಾ ಕೂತರು. ಸಾಲಿನಲ್ಲಿ ಉಳಿದವರೆಲ್ಲ ಅವರನ್ನೇ ನೋಡುತ್ತಿದ್ದರು. ಕೊನೆಗೆ ಬೆರಳಲ್ಲಿ ಬಳಿದು ಬಾಯಿಗಿಟ್ಟು, ನುಂಗಿ, ಮುಖ ಸಿಂಡರಿಸಿದರು.

"ಥೂ, ಏನ್ ಚಲುವಮ್ಮ ಇದು, ಇಷ್ಟು ಸಪ್ಪೆ. ಬಾಯಿಗಿಡಂಗಿಲ್ಲ."

ದೊಡ್ಡವ್ವ ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡಳು.

"ವಾರ ಎಲ್ಲಾ ನಮ್ದೇ ಪಾಳಿ ಯಜಮಾನ್ರೆ," ಎಂದಳು. "ನಾಳೀಕೆ ಒಂಚೂರು ಉಪ್ಪು ಆಕ್ತೀನಿ ಬುಡಿ."