ಖಾಲಿ ಹೊಟ್ಟೆಯ ಪರೀಕ್ಷೆ

"ಖಾಲಿ ಹೊಟ್ಟೇಲಿ ಬಾ ಅಂದ್ರೆ ಎಮ್ಮೆ ಥರ ಮೇಯ್ಕೊಂಡು ಬಂದಿದ್ದೀಯಲ್ಲೇ, ದರಿದ್ರ ಮುಂಡೇದೆ."

ಗಿರಣಿಯ ಡಾಕ್ಟರು ಸಕ್ಕರೆ ಪರೀಕ್ಷೆಯ ಚೀಟಿಯನ್ನು ಮೇಜಿನ ಮೇಲೆಸೆದರು. ಬೆಳಿಗ್ಗೆ ಏಳೂವರೆ. ಮೂರನೇ ಪಾಳಿ ಮುಗಿಸಿ ನೇರ ಬಂದ ನೂಲಿನ ಯಂತ್ರದವಳ ತಲೆಗೂದಲಲ್ಲಿ ಹತ್ತಿಯ ಧೂಳಿತ್ತು.

"ಇಲ್ಲ ಸಾರ್. ರಾತ್ರಿ ಊಟ ಆದ್ಮೇಲೆ ನೀರು ಬಿಟ್ರೆ ಏನೂ ಮುಟ್ಟಿಲ್ಲ."

"ಊಟ ಎಷ್ಟೊತ್ತಿಗೆ?"

"ಎರಡೂವರೆಗೆ. ಊಟದ ಗಂಟೆ ಹೊಡೆಯೋದೇ ಆಗ."

ಕಾಂಪೌಂಡರ್ ಕಿಸಕ್ಕನೆ ನಕ್ಕ. "ದೆವ್ವ ಉಣ್ಣೋ ಹೊತ್ತು."

"ದೆವ್ವಕ್ಕೆ ಹಾಜರಿ ಇಲ್ಲ ಕಣಣ್ಣ."

"ಬಾಯಿಗೇನೂ ಕಮ್ಮಿಯಿಲ್ಲ," ಎಂದರು ಡಾಕ್ಟರು. "ಬಿಪಿ ಏರಿದೆ. ಹೊತ್ತಿಗೆ ಸರಿಯಾಗಿ ಉಣ್ಣು. ದಿನಾ ರಾತ್ರಿ ಎಂಟು ಗಂಟೆ ಕಾಲ ಮಲಗು. ನಾಳೆ ಮತ್ತೆ ಬಾ, ಖಾಲಿ ಹೊಟ್ಟೇಲಿ."

ಹನ್ನೆರಡು ವರ್ಷದಿಂದ ವಾರಕ್ಕೊಂದು ಪಾಳಿ. ಒಂದಕ್ಕೆ ಮೈ ಒಗ್ಗುವಷ್ಟರಲ್ಲಿ ಇನ್ನೊಂದು. ಮುಟ್ಟು ಒಮ್ಮೆ ತಿಂಗಳಿಗೆ ಎರಡು ಸಲ, ಒಮ್ಮೆ ಎರಡು ತಿಂಗಳಾದರೂ ಇಲ್ಲ. ಹಗಲು ತಗಡಿನ ಮಾಡಿನ ಕೆಳಗೆ ಎರಡು ಗಂಟೆ ಕಣ್ಣು ಹತ್ತಿದರೆ ಹೆಚ್ಚು. ಹೋದ ವಾರ ನಿಂತಲ್ಲೇ ತೂಕಡಿಸಿ, ತೋಳಿನ ಬಟ್ಟೆ ಯಂತ್ರಕ್ಕೆ ಸಿಕ್ಕಿತ್ತು. ಮುಂದಿನ ಸಲ ತೋಳೇ ಹೋದೀತು.

"ಈಗ ಹೇಳಿದ್ದನ್ನೇ ಬರ್ಕೊಡಿ ಸಾರ್. ಹಗಲು ಪಾಳಿ ಕೇಳ್ತೀನಿ."

ಡಾಕ್ಟರು ಬಾಗಿಲ ಕಡೆ ನೋಡಿದರು. ಅಲ್ಲಿ ಒರಗಿ ನಿಂತಿದ್ದ ಪಾಳಿಯ ಮೇಸ್ತ್ರಿ ಹಲ್ಲಿಗೆ ಕಡ್ಡಿ ಆಡಿಸುತ್ತ ಹೇಳಿದ:

"ಬರೀರಿ ಸಾರ್, ಅದಕ್ಕೇನಂತೆ. ಮೂರೂ ಪಾಳಿ ಮಾಡಕ್ಕಾಗದವರು ಅನ್‌ಫಿಟ್ಟು. ನಾಳೆಯಿಂದ ಮನೇಲೇ ಬಿದ್ಕೊಂಡು ಗೊರಕೆ ಹೊಡೀಲಿ."

ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು, ಹಾಸಿಗೆ ಹಿಡಿದ ಅತ್ತೆ. ದುಡಿಯುವವಳು ಇವಳೊಬ್ಬಳೇ.

"ಬೇಡ ಸಾರ್. ಫಿಟ್ ಅಂತಲೇ ಬರೀರಿ."

ಡಾಕ್ಟರು ಬರೆದು ಮೊಹರು ಒತ್ತಿದರು. "ಈ ಮಾತ್ರೆ ಬೆಳಿಗ್ಗೆ ಎದ್ದ ಕೂಡ್ಲೆ."

"ಬೆಳಿಗ್ಗೇನಾ ಸಾರ್, ಎದ್ದ ಕೂಡ್ಲೇನಾ?"

"ಮುಂದಿನವಳನ್ನ ಕಳಿಸು."

ಬಾಗಿಲವರೆಗೆ ಹೋದವಳು ತಿರುಗಿ ಬಂದಳು. ಚಪ್ಪಲಿ ಬಿಟ್ಟು, ರೋಗಿಗಳನ್ನು ಪರೀಕ್ಷಿಸುವ ಮಂಚ ಹತ್ತಿ ಉದ್ದಕ್ಕೆ ಮಲಗಿದಳು.

"ಎಂಟು ಗಂಟೆ ಕಾಲ ಅಂದ್ರಲ್ಲ. ಮೂರೂವರೆಗೆ ಎಬ್ಸಿ."

"ಏಳೇ ಬೇವರ್ಸಿ! ನಿಮ್ಮಪ್ಪನ ಮನೆ ಮಂಚ ಅಲ್ಲ ಇದು."

ಹಾಗೆಂದ ಮೇಸ್ತ್ರಿ ಅವಳ ಕಾಲು ಹಿಡಿದು ಜಗ್ಗಿದ. ಅವಳು ಮಂಚದ ಕಬ್ಬಿಣವನ್ನು ಎರಡೂ ಕೈಯಲ್ಲಿ ಬಿಗಿಹಿಡಿದಳು. ಸಾಲಿನಲ್ಲಿದ್ದ ಹೆಂಗಸರು ಕತ್ತು ಚಾಚಿ ನೋಡಿದರು. ಅವರೂ ಎರಡೂವರೆಗೆ ಉಂಡವರೇ.

ಅವಳು ಕಣ್ಣನ್ನು ಗಟ್ಟಿಯಾಗಿ ಮುಚ್ಚಿದಳು. ರೆಪ್ಪೆಯೊಳಗೆ ನೂಲಿನ ಯಂತ್ರದ ಕದಿರುಗಳು ಗಿರಗಿರನೆ ಸುತ್ತುತ್ತಲೇ ಇದ್ದವು. ನಿದ್ದೆ ಬರಲಿಲ್ಲ.