ಎಣ್ಣೆ ಮುಟ್ಟದ ಕೀಲು

ಮೇಜರ್ ಗಾಜಿನ ಬಿಲ್ಲೆಯನ್ನು ಚಿಮಟದಿಂದ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ನಾಣ್ಯದಷ್ಟಗಲದ ಬಿಲ್ಲೆ. ನೇರವಾಗಿ ನೋಡಿದರೆ ಅದರ ಮೇಲೆ ಏನೂ ಇರಲಿಲ್ಲ. ಕೊಂಚ ವಾಲಿಸಿದರೆ ನೇರಳೆ, ಹಸಿರು, ಹಳದಿಯ ತೆಳ್ಳನೆಯ ಪದರವೊಂದು ಮೇಲ್ಮೈಯ ಉದ್ದಕ್ಕೂ ಜಾರಾಡುತ್ತಿತ್ತು. ಈ ಬಣ್ಣವನ್ನು ಎಲ್ಲೋ ನೋಡಿದ್ದೇನೆ ಎಂದುಕೊಂಡಳು ಅತ್ತಿಗೆ. ಎಲ್ಲೋ ಏನು ಬಂತು, ದಿನಬೆಳಗಾದರೆ ನೋಡುವುದೇ. ವರ್ಕ್‌ಶಾಪಿನ ಬಾಗಿಲಲ್ಲಿ ನೀರು ನಿಂತಾಗಲೆಲ್ಲ ಅದರ ಮೇಲೆ ತೇಲುವುದು ಇದೇ ಬಣ್ಣ.

ಮೇಜರ್ ತಗ್ಗಿದ ದನಿಯಲ್ಲಿ ವಿವರಿಸಿದರು. ಗಾಳಿಯನ್ನೆಲ್ಲ ಹೀರಿ ತೆಗೆದ ಉಕ್ಕಿನ ಚೇಂಬರಿನೊಳಗೆ ಇವರು ಮಾಡಿಕೊಟ್ಟ ಕೀಲನ್ನು ಇಟ್ಟು ಬಿಸಿ ಮಾಡಿದ್ದರು. ಪಕ್ಕದಲ್ಲಿ ಶುದ್ಧವಾದ ಈ ಗಾಜನ್ನು ಇರಿಸಿದ್ದರು. ಕೀಲಿನಿಂದ ಏನೋ ಆವಿಯಾಗಿ ಬಂದು ಗಾಜಿಗೆ ಅಂಟಿದೆ. ಮೇಲೆ, ಉಪಗ್ರಹದಲ್ಲಿ, ಈ ಗಾಜಿನ ಜಾಗದಲ್ಲಿ ಕ್ಯಾಮೆರಾದ ಕಣ್ಣು ಇರುತ್ತದೆ. ಅದಕ್ಕೆ ಪೊರೆ ಬಂದರೆ ತೆಗೆಯುವ ವೈದ್ಯರು ಅಲ್ಲಿಲ್ಲ.

"ಲೂಬ್ರಿಕೆಂಟ್ ಏನಾದ್ರೂ ಬಳಸಿದ್ರಾ?"

"ಇಲ್ಲ ಸರ್. ಒಣ ಲೇಪ ಮಾತ್ರ. ನಾವು ಬರೆದುಕೊಟ್ಟಿರೋದೂ ಅದನ್ನೇ," ಎಂದಳು ನಾದಿನಿ. ಅವಳ ದನಿಯಲ್ಲಿ ಅಳುಕಿರಲಿಲ್ಲ. ತಾನು ಹೇಳುತ್ತಿರುವುದು ನಿಜವೆಂದೇ ಅವಳು ನಂಬಿದ್ದಳು.

ಈ ಕೋಣೆಯವರೆಗೆ ಬಂದದ್ದೇ ಒಂದು ಸಾಹಸ. ಸೇನೆಯ ಬಾಹ್ಯಾಕಾಶ ಸಂಶೋಧನಾ ಕೇಂದ್ರ ತನಗೆ ಏನೇನು ಬೇಕೆಂದು ಪ್ರಕಟಿಸಿ ಸಣ್ಣ ಉದ್ಯಮಗಳಿಂದ ಪ್ರಸ್ತಾವ ಕರೆಯುತ್ತಿತ್ತು. ದೊಡ್ಡ ಕಂಪನಿಗಳಿಗೆ ಅದರಲ್ಲಿ ಪ್ರವೇಶವಿರಲಿಲ್ಲ. ಮೊದಲ ಹಂತದಲ್ಲಿ ಒಂದು ವಿಚಾರ, ಒಂದು ಮಾದರಿ. ಅದು ಪರೀಕ್ಷೆಯಲ್ಲಿ ಗೆದ್ದರೆ ಎರಡನೇ ಹಂತ. ನಿಜವಾಗಿ ಹಾರುವ ವಸ್ತುವಿನ ಗುತ್ತಿಗೆ. ಮಡಚಿಟ್ಟ ಫಲಕವೊಂದು ಮೇಲೆ ಹೋದ ಮೇಲೆ ತಾನಾಗಿ ಬಿಚ್ಚಿಕೊಳ್ಳಲು ಸ್ಪ್ರಿಂಗ್ ಇರುವ ಪುಟ್ಟ ಕೀಲು ಬೇಕಾಗಿತ್ತು. ಪ್ರಕಟಣೆ ಕಣ್ಣಿಗೆ ಬಿದ್ದ ದಿನ ನಾದಿನಿ ಊಟದ ತಟ್ಟೆಯ ಮುಂದೆಯೇ ಕೂತು ಕೈ ಒಣಗುವ ತನಕ ಓದಿದ್ದಳು. ಕೀಲು ತಾನೆ ನಾವು ಹುಟ್ಟಿದಾಗಿನಿಂದ ಮಾಡುತ್ತಿರುವುದು ಎಂದಿದ್ದಳು.

ಅದು ನಿಜವೇ. ಮಾವನವರ ಕಾಲದಿಂದ ಆ ವರ್ಕ್‌ಶಾಪು ವಾದ್ಯದ ಪೆಟ್ಟಿಗೆ, ಔಷಧದ ಪೆಟ್ಟಿಗೆ, ಅಳತೆಯ ಉಪಕರಣಗಳ ಪೆಟ್ಟಿಗೆಗಳಿಗೆ ಕೀಲು ಮಾಡಿಕೊಂಡು ಬಂದಿತ್ತು. ಈಚೆಗೆ ಪೆಟ್ಟಿಗೆಗಳೆಲ್ಲ ಪ್ಲಾಸ್ಟಿಕ್ ಆಗಿ, ಕೀಲೂ ಅದರ ಜೊತೆಗೇ ಅಚ್ಚಿನಿಂದ ಬೀಳತೊಡಗಿದ ಮೇಲೆ, ಸಾಲಾಗಿದ್ದ ಯಂತ್ರಗಳಲ್ಲಿ ಅರ್ಧಕ್ಕರ್ಧ ಬಟ್ಟೆ ಹೊದ್ದು ಮಲಗಿದ್ದವು. ಈ ಗುತ್ತಿಗೆ ಸಿಕ್ಕರೆ ಅವು ಏಳುತ್ತವೆ. ಸಿಗದಿದ್ದರೆ ಗುಜರಿಗೆ; ಗುಜರಿಯವನು ಆಗಲೇ ಒಂದು ಸಲ ಬಂದು ಕಣ್ಣಳತೆಯಲ್ಲೇ ತೂಗಿ ಹೋಗಿದ್ದ.

ಅತ್ತಿಗೆ ಆ ಮನೆಗೆ ಸೊಸೆಯಾಗಿ ಬಂದಾಗ ಮಾವ ಅವಳ ಕೈಬೆರಳು ನೋಡಿ ಕೊನೆಯ ಬೆಂಚಿನಲ್ಲಿ ಕೂರಿಸಿದ್ದರು. ಗಂಡನಿಗೆ ಕಬ್ಬಿಣದ ವಾಸನೆಯೇ ಆಗದು. ಅವನು ಶಾಲೆಯಲ್ಲಿ ಗಣಿತ ಹೇಳಿಕೊಡುವ ಮೇಷ್ಟ್ರು. ಕೊನೆಯ ಬೆಂಚೆಂದರೆ ಅಂಚಿನ ಚೂಪು ತೆಗೆದು, ಕೂಡಿಸಿ, ಆಡಿಸಿ, ಕಿವಿಯ ಹತ್ತಿರ ಹಿಡಿದು 'ಟಕ್' ಎನ್ನುವುದನ್ನು ಕೇಳಿ, ಎಣ್ಣೆಬಟ್ಟೆಯಲ್ಲಿ ಒರೆಸಿ ಸುತ್ತಿ ಕಳಿಸುವ ಜಾಗ. ಮನೆ ಮಗುವನ್ನು ಬರಿಮೈಲಿ ಬೀದಿಗೆ ಕಳಿಸ್ತೀವಾ ಎಂದು ಮಾವ ಕೇಳುತ್ತಿದ್ದರು. ಅವರು ಕಾಲವಾದ ಮೇಲೂ ಆ ಮನೆಯಿಂದ ಒಂದು ಕೀಲೂ ಬರಿಮೈಲಿ ಹೊರಗೆ ಹೋಗಿರಲಿಲ್ಲ. ನಾದಿನಿ ಕರೆಯುವುದನ್ನು ಕೇಳಿ ಕೇಳಿ ಗಿರಾಕಿಗಳಿಗೂ ಅವಳು ಅತ್ತಿಗೆಯೇ ಆಗಿದ್ದಳು.

ಮೇಜರ್ ಬಿಲ್ಲೆಯನ್ನು ಡಬ್ಬಿಗೆ ಇಳಿಸುತ್ತಿದ್ದರು. ಅತ್ತಿಗೆ ಒಮ್ಮೆ ನಾದಿನಿಯ ಮುಖ ನೋಡಿದಳು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ಅದು ನಮ್ಮ ಎಣ್ಣೆ ಸರ್. ನಾನು ಒರೆಸಿದ್ದು."

ನಾದಿನಿ ತಟ್ಟನೆ ತಿರುಗಿದಳು. ಮೇಜರ್ ಚಿಮಟ ಕೆಳಗಿಟ್ಟರು.

"ಎಷ್ಟು ಹಾಕಿದ್ರಿ?"

"ಹಾಕ್ಲಿಲ್ಲ. ಸುತ್ತೋ ಮುಂಚೆ ಹೆಗಲ ಮೇಲಿನ ಬಟ್ಟೇಲಿ ಒಂದ್ಸಲ ಒರೆಸಿದೆ, ಅಷ್ಟೇ. ಬೆರಳ ಗುರುತು ಉಳಿದ್ರೆ ತುಕ್ಕು ಹಿಡಿಯುತ್ತಲ್ಲ."

"ಇದು ಟೈಟಾನಿಯಂ ಅಮ್ಮ. ತುಕ್ಕು ಹಿಡಿಯಲ್ಲ."

"ನನಗೆ ಗೊತ್ತು ಸರ್. ಕೈಗೆ ಗೊತ್ತಿಲ್ಲ."

ಮೇಜರ್ ನಗಲಿಲ್ಲ, ಆದರೆ ಕುರ್ಚಿಗೆ ಒರಗಿ ಕೂತರು. ನಿಯಮ ಏನೆಂದರೆ, ಕಾರಣ ತಿಳಿಯದ ಸೋಲಿಗೆ ಮರುಪರೀಕ್ಷೆ ಇಲ್ಲ. ಕಾರಣ ಖಚಿತವಾದರೆ ಒಂದೇ ಒಂದು ಸಲ ಉಂಟು. ಕಾರಣ ಹೀಗೆ ತಾನಾಗಿ ಎದ್ದು ನಿಂತು ಮಾತಾಡಿದ್ದು ಇದೇ ಮೊದಲು ಎಂದರು. ಆ ಎಣ್ಣೆಯದೊಂದು ಸೀಸೆ ಕಳಿಸಿಕೊಡಿ, ತಾಳೆ ನೋಡುತ್ತೇವೆ. ತಾಳೆಯಾದರೆ ಹೊಸ ಮಾದರಿ ತನ್ನಿ. ಹೊರಡುವಾಗ ಅತ್ತಿಗೆ ಆ ಕ್ಯಾಮೆರಾ ಏನನ್ನು ನೋಡುತ್ತದೆ ಎಂದು ಕೇಳಿದಳು. ಅದು ನಾನು ಹೇಳುವಂಥದ್ದಲ್ಲ, ನೀವು ಕೇಳುವಂಥದ್ದೂ ಅಲ್ಲ ಎಂದು ಮೇಜರ್ ಮರ್ಯಾದೆಯಿಂದಲೇ ಹೇಳಿ, ಬಾಗಿಲವರೆಗೂ ಬಂದರು.

"ಒಂದು ಮಾತ್ರ ಹೇಳ್ತೀನಿ. ನಿಮ್ಮ ಕೀಲು ಒಂದೇ ಸಲ ತೆರೆಯೋದು. ಸಿಕ್ಕಿಹಾಕಿಕೊಂಡ್ರೆ ಮೇಲೆ ಹೋಗಿ ತಟ್ಟೋರು ಯಾರೂ ಇಲ್ಲ."

ಬಸ್ಸಿನಲ್ಲಿ ನಾದಿನಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಸಿಟ್ಟು ಬಂದಾಗ ಅವಳು ಕಿರುಚುವವಳಲ್ಲ. ಕೈಚೀಲದ ಜಿಪ್ಪನ್ನು ಹಾಕುವುದು ತೆಗೆಯುವುದು ಮಾಡುತ್ತಾಳೆ. ಅರ್ಧ ದಾರಿಯ ತನಕ ಜಿಪ್ಪಿನ ಸದ್ದೇ ಕೇಳಿಸುತ್ತಿತ್ತು.

"ನಾನು ಅವರ ಮುಂದೆ ಸುಳ್ಳುಗಾರ್ತಿ ಆಗ್ಬಿಟ್ಟೆ ಅತ್ತಿಗೆ."

"ನೀನ್ಯಾಕಾಗ್ತೀಯ? ನಿನಗೆ ಗೊತ್ತಿರಲಿಲ್ಲ. ನಾನು ಸುಮ್ಮನಿದ್ದಿದ್ರೆ ಆಗ್ತಿದ್ದೆ."

ಜಿಪ್ಪು ನಿಂತಿತು. ಇನ್ನೆರಡು ನಿಲ್ದಾಣ ದಾಟಿದ ಮೇಲೆ ನಾದಿನಿ ಚೀಲದಿಂದ ಬಾಟಲಿ ತೆಗೆದು, ತಾನು ಕುಡಿಯುವ ಮೊದಲು ಅತ್ತಿಗೆಯ ಕಡೆ ಚಾಚಿದಳು.

ಕಳಿಸಿದ ಎಣ್ಣೆ ಗಾಜಿನ ಮೇಲಿನ ಪದರಕ್ಕೆ ತಾಳೆಯಾಯಿತು. ಸುದ್ದಿ ಬಂದ ದಿನ ಲೇಥಿನವನು ಯಂತ್ರ ನಿಲ್ಲಿಸಿ ಬಂದ. ಮಾತಿಗೊಮ್ಮೆ ಮೈಕ್ರಾನಿನ ಲೆಕ್ಕ ಹೇಳುತ್ತಾನೆಂದು ಅವನಿಗೆ ಮೈಕ್ರಾನ್ ಎಂದೇ ಹೆಸರು. ಮಾವನ ಕೈಯಲ್ಲಿ ಪಳಗಿದವನು, ಹೇಳಬೇಕಾದ್ದನ್ನು ಹೇಳುವವನು. ಈ ಸಲ ಕೊನೆಯ ಬೆಂಚಿಗೆ ಬೇರೆ ಯಾರನ್ನಾದರೂ ಕೂರಿಸಿ ಎಂದ. ಅತ್ತಿಗೆಯ ಮೇಲೆ ತನಗೇನೂ ಬೇಜಾರಿಲ್ಲ, ಆದರೆ ಅವರ ಕೈಗೆರೆಗಳಲ್ಲೇ ಒಂದು ಪಾವು ಎಣ್ಣೆ ಇದೆ ಎಂದ. ಅತ್ತಿಗೆ ತನ್ನ ಅಂಗೈ ನೋಡಿಕೊಂಡಳು. ಅವನು ಹೇಳಿದ್ದು ಉತ್ಪ್ರೇಕ್ಷೆಯೇನಲ್ಲ. ಗೆರೆಗಳು ಕಪ್ಪು ಶಾಯಿಯಲ್ಲಿ ಎಳೆದ ಹಾಗಿದ್ದವು. ಎಣ್ಣೆ ಆ ಕೋಣೆಯಲ್ಲಿ ಎಲ್ಲಿರಲಿಲ್ಲ? ಬೆಂಚಿನ ಮರ ಅದನ್ನು ಕುಡಿದು ಕುಡಿದು ಕಲ್ಲಿನಂತಾಗಿತ್ತು. ಬಾಗಿಲ ಹಿಡಿಯಲ್ಲಿ, ದೀಪದ ಸ್ವಿಚ್ಚಿನಲ್ಲಿ, ಗೋಡೆಗೆ ಒರಗಿಸಿದ ಮಾವನ ಸ್ಟೂಲಿನಲ್ಲಿ ಎಲ್ಲ ಕಡೆ ಇತ್ತು.

ನಾದಿನಿ ಕೊನೆಯ ಬೆಂಚಿಗೆ ಬಂದಳು. ತಾನೇ ಕೂತು ಪ್ರಯತ್ನಿಸಿದಳು. ಒಂದಿಡೀ ದಿನ ಹಳೇ ಬಿಡಿಭಾಗಗಳ ಮೇಲೆ ಕೈ ಆಡಿಸಿ ಕೂಡಿಸಿದಳು. ಅವಳು ಕೂಡಿಸಿದ ಕೀಲುಗಳೆಲ್ಲ ತೆರೆದವು. ಆದರೆ ನಡುವೆ ಒಂದು ಕ್ಷಣ ಯೋಚಿಸಿ ತೆರೆದವು. ಸಂಜೆ ಅವನ್ನು ತಟ್ಟೆಯಲ್ಲಿ ತಂದು ಅತ್ತಿಗೆಯ ಮುಂದೆ ಸಾಲಾಗಿ ಇಟ್ಟಳು. ಅತ್ತಿಗೆ ಒಂದೊಂದನ್ನೇ ಕಿವಿಗೆ ಹಿಡಿದು ಕೇಳಿ ಎಲ್ಲವನ್ನೂ ಅದೇ ತಟ್ಟೆಗೆ ಮರಳಿಸಿದಳು.

"ಎಣ್ಣೆ ಬಿಡಿಸೋದನ್ನ ನಾನು ನಿಮಗೆ ಕಲಿಸ್ತೀನಿ," ಎಂದಳು ನಾದಿನಿ. "ಈ ಕೈನ ನಾನು ಯಾರಿಗೂ ಕಲಿಸೋಕಾಗಲ್ಲ. ಬೆಂಚು ನಿಮ್ಮದೇ."

ಸಾಮಾನಿನ ಕೋಣೆಯನ್ನು ಖಾಲಿ ಮಾಡಿದರು. ಮೈಕ್ರಾನ್ ತಾನೇ ಗೋಡೆ ತೊಳೆದು, ನೆಲ ಉಜ್ಜಿ, ಮೂಲೆಗಳಿಗೆ ಪ್ಲಾಸ್ಟಿಕ್ ಹಾಳೆ ಬಡಿದ. ಹಳೆಯ ಬೆಂಚು ಒಳಗೆ ಬರುವಂತಿರಲಿಲ್ಲ. ಎಣ್ಣೆ ಹೀರದ ಮೇಜು ಎಲ್ಲಿಂದ ತರುವುದು ಎನ್ನುವಾಗ ಅತ್ತಿಗೆ ಮನೆಗೆ ಹೋಗಿ ಗಂಡನ ಮೇಜಿನ ಮೇಲಿದ್ದ ದಪ್ಪ ಗಾಜನ್ನು ಎತ್ತಿಸಿಕೊಂಡು ಬಂದಳು. ಮೇಷ್ಟ್ರು ಅಂದಿನಿಂದ ಮಕ್ಕಳ ಉತ್ತರಪತ್ರಿಕೆಗಳನ್ನು ಬರೀ ಮರದ ಮೇಲೆ ತಿದ್ದಿದರು. ಅಂತೂ ಆಕಾಶಕ್ಕೆ ಹೋಗುವ ದಾರಿ ನನ್ನ ಮೇಜಿನ ಮೇಲಿಂದಲೇ ಅಂತಾಯಿತು ಎಂದು ನೆರೆಯವರಿಗೆಲ್ಲ ಹೇಳಿಕೊಂಡು ತಿರುಗಿದರು. ಎದುರು ಅಂಗಡಿಯ ದರ್ಜಿ, ಹಾಗಿದ್ದರೆ ಹೆಂಡತಿಯನ್ನೂ ಜೊತೆಗೇ ಕಳಿಸುತ್ತೀರೋ ಎಂದು ಕೇಳಿದ. ಅವಳು ಹೋದರೆ ಒಳ್ಳೆಯದೇ, ಅಲ್ಲಿನ ಕದಗಳೂ ಕಿರುಗುಟ್ಟುವುದು ನಿಲ್ಲುತ್ತದೆ ಎಂದರು ಮೇಷ್ಟ್ರು.

ಕೆಲಸದ ಕ್ರಮವೇ ಬದಲಾಯಿತು. ಚೂಪು ತೆಗೆಯುವುದು ಮೊದಲಿನಂತೆ ಬರಿಗೈಯಲ್ಲೇ, ಹಳೇ ಬೆಂಚಿನಲ್ಲೇ. ಹೆಬ್ಬೆರಳ ತುದಿಗೆ ತಿಳಿಯುವುದು ಗ್ಲೌಸಿಗೆ ತಿಳಿಯುವುದಿಲ್ಲ. ಆಮೇಲೆ ಭಾಗಗಳನ್ನು ತೀಕ್ಷ್ಣ ವಾಸನೆಯ ದ್ರಾವಣದಲ್ಲಿ ಮತ್ತೆ ಮತ್ತೆ ಅದ್ದಿ ತೊಳೆದು, ಒಣ ಲೇಪ ಹಚ್ಚಿ, ಒಲೆಯಲ್ಲಿ ಕಾಯಿಸಿ, ಅಲ್ಲಿಂದ ಮುಂದೆ ಚಿಮಟ ಮತ್ತು ಗ್ಲೌಸು. ಕೂದಲಿಗೆ ಟೊಪ್ಪಿ, ಬಾಯಿಗೆ ಮಾಸ್ಕು. ಮೊದಮೊದಲು ಅತ್ತಿಗೆಗೆ ಬೇರೆಯವರ ಮನೆಯಲ್ಲಿ ಅಡುಗೆ ಮಾಡಿದಂತಾಗುತ್ತಿತ್ತು. ಏನು ಮುಟ್ಟಿದರೂ ಬೈಸಿಕೊಳ್ಳುವ ಭಯ. ಪಿನ್ನು ತೂರಿಸುವಾಗ ಎರಡು ಸಲ ಜಾರಿ ಬಿತ್ತು; ಎರಡೂ ಸಲ ತೊಳೆಯುವುದರಿಂದ ಮತ್ತೆ ಶುರು. ನಾದಿನಿ ಒಮ್ಮೆಯೂ ಮುಖ ಗಂಟು ಹಾಕಲಿಲ್ಲ. ಬಾಗಿಲಾಚೆ ನಿಂತ ಮೈಕ್ರಾನ್ ಮಾತ್ರ ಇನ್ನೊಂದಿಷ್ಟು ದ್ರಾವಣ ಖರ್ಚಾದರೆ ನಾನೇ ಆವಿಯಾಗುತ್ತೇನೆ ಎಂದು ಗೊಣಗಿದ.

ಕೀಲು ಕೂಡಿಬಂದಿತು. ಅತ್ತಿಗೆ ಅದನ್ನು ಮಡಚಿ, ಬಿಟ್ಟಳು. ಅದು ಯೋಚಿಸದೆ ತೆರೆಯಿತು. ಕಿವಿಗೆ ಹಿಡಿದು ಇನ್ನೊಮ್ಮೆ ಆಡಿಸಿದಳು. ಟೊಪ್ಪಿಯ ಅಡಿಯಿಂದಲೂ ಆ 'ಟಕ್' ಸ್ಪಷ್ಟವಾಗಿ ಕೇಳಿಸಿತು. ಮಾವ ಇದ್ದಿದ್ದರೆ ಮೀಸೆಯೊಳಗೆ ನಗುತ್ತಿದ್ದ ಸದ್ದು ಅದು. ಡಬ್ಬಿ ಎದುರಿಗಿತ್ತು. ಅವಳ ಬಲಗೈ ತಾನೇ ತಾನಾಗಿ ಎದ್ದು ಎಡ ಹೆಗಲ ಮೇಲೆ ಹೋಯಿತು. ಅಲ್ಲಿ ಬಟ್ಟೆ ಇರಲಿಲ್ಲ. ಗಾಜಿನ ಮೇಜಿನ ಆಚೆ ಬದಿಯಲ್ಲಿದ್ದ ನಾದಿನಿ ಆ ಕೈಯನ್ನೇ ನೋಡುತ್ತಿದ್ದಳು. ಕೈ ಹೆಗಲ ಮೇಲೆ ಸ್ವಲ್ಪ ಹೊತ್ತು ಕೂತು, ದಾರಿ ತಪ್ಪಿ ಬಂದ ನೆಂಟನಂತೆ ಹಿಂದಕ್ಕೆ ಇಳಿಯಿತು. ಅತ್ತಿಗೆ ಕೀಲನ್ನು ಬರಿಮೈಯಲ್ಲೇ ಡಬ್ಬಿಯಲ್ಲಿ ಮಲಗಿಸಿ ಮುಚ್ಚಳ ಹಾಕಿದಳು.

ಪರೀಕ್ಷೆಗೆ ಇಬ್ಬರನ್ನೂ ಕರೆದಿದ್ದರು. ಆ ದಿನಗಳಲ್ಲಿ ಒಂದು ಹಳೇ ಗಿರಾಕಿಯ ಆರ್ಡರು ಇದ್ದುದರಿಂದ ಅತ್ತಿಗೆ ಬೆಳಗಿನವರೆಗೂ ತನ್ನ ಹಳೇ ಬೆಂಚಿನಲ್ಲೇ ಕೂತಿದ್ದು, ಸಾಬೂನು ಹಾಕಿ ಕೈ ತೊಳೆದುಕೊಂಡು ಬಸ್ಸು ಹತ್ತಿದ್ದಳು. ಚೇಂಬರು ಅವಳು ಅಂದುಕೊಂಡದ್ದಕ್ಕಿಂತ ದೊಡ್ಡದಿತ್ತು. ಅಡ್ಡ ಮಲಗಿಸಿದ ನೀರಿನ ಟ್ಯಾಂಕಿನ ಹಾಗೆ. ಪಕ್ಕಕ್ಕೆ ದಪ್ಪ ಗಾಜಿನ ದುಂಡು ಕಿಟಕಿ. ಬಿಸಿಯ ಪಾಳಿ ಮುಗಿದು ಈಗ ಒಳಗೆ ಮೇಲಿನ ಚಳಿ ತುಂಬಿದ್ದಾರೆ ಎಂದರು ಮೇಜರ್. ಕಿಟಕಿಯ ಒಳಗೆ ಬಿಳಿ ಬೆಳಕಿನಲ್ಲಿ ಒಂದು ಪುಟ್ಟ ತೋಳನ್ನು ಹಿಡಿದು ಮಡಚಿಕೊಂಡ ಅವಳ ಕೀಲು, ಅದರ ಪಕ್ಕದಲ್ಲಿ ಅದೇ ಥರದ ಗಾಜಿನ ಬಿಲ್ಲೆ.

ತಂತ್ರಜ್ಞನೊಬ್ಬ ಗುಂಡಿ ಒತ್ತಿದ. ತೋಳನ್ನು ಮಡಚಿ ಹಿಡಿದಿದ್ದ ದಾರ ಕಡಿದು ಅದು ಮೇಲೆದ್ದಿತು. ಅತ್ತಿಗೆ ಅಭ್ಯಾಸದಂತೆ ಕಿವಿ ಮುಂದೆ ಮಾಡಿದಳು. ಏನೂ ಕೇಳಿಸಲಿಲ್ಲ. ಗಾಳಿಯಿಲ್ಲದ ಕಡೆ ಸದ್ದು ಎಲ್ಲಿಂದ ಬರಬೇಕು? ತೋಳು ಅರ್ಧಕ್ಕೆ ಬಂತು, ಮುಕ್ಕಾಲಿಗೆ ಬಂತು. ಕೊನೆಯಲ್ಲಿ ನಿಂತಿತೋ, ಕಚ್ಚಿಕೊಂಡಿತೋ ಎಂದು ನೋಡಲು ಅವಳು ಮುಖವನ್ನು ಗಾಜಿನ ತೀರಾ ಹತ್ತಿರ ಒಯ್ದಳು.

ಕಿಟಕಿ ಮಸುಕಾಯಿತು.

ಹಿಂದಿನಿಂದ ತಂತ್ರಜ್ಞ, "ಸರ್, ಮಂಜು," ಎಂದ. ನಾದಿನಿಯ ಚೀಲದ ಜಿಪ್ಪು ಒಮ್ಮೆ ಸರ್ರೆಂದು, ನಿಂತಿತು. ಮೇಜರ್ ಎರಡು ಹೆಜ್ಜೆ ಮುಂದೆ ಬಂದರು.

"ಒಳಗಲ್ಲ," ಎಂದಳು ಅತ್ತಿಗೆ. "ನನ್ನ ಉಸಿರು."

ಅಂಗೈಯಿಂದಲೇ ಗಾಜನ್ನು ಉಜ್ಜಿ ಪಕ್ಕಕ್ಕೆ ಸರಿದಳು. ಎಲ್ಲರೂ ಬಗ್ಗಿ ನೋಡಿದರು. ಒಳಗೆ ತೋಳು ಪೂರ್ತಿ ಚಾಚಿಕೊಂಡು ಅಲುಗದೆ ನಿಂತಿತ್ತು. ಬಿಲ್ಲೆಯ ಮೇಲೆ ಬಿಳಿ ಬೆಳಕು ಬಿಟ್ಟು ಬೇರೇನೂ ಇರಲಿಲ್ಲ. ಕಿಟಕಿಯ ಹೊರಮೈಯಲ್ಲಿ ಮಾತ್ರ, ಅವಳ ಕೈ ಹಾದುಹೋದ ಕಡೆ, ನೇರಳೆ, ಹಸಿರು, ಹಳದಿಯ ಒಂದು ಗೆರೆ ಅಡ್ಡಕ್ಕೆ ಎಳೆದುಕೊಂಡಿತ್ತು.

ತಂತ್ರಜ್ಞ ಒರೆಸಲು ಕಾಗದ ತಂದ. ಮೇಜರ್ ಇರಲಿ ಎಂದು ಕೈ ಅಡ್ಡ ಹಿಡಿದು, ಆ ಗೆರೆಯ ಮೂಲಕವೇ ಒಳಗೆ ನೋಡುತ್ತ ನಿಂತರು.